ಸೇವಕನ ಕೊನೆಯ ಮಾತು

ಕಡಲಾಚೆಯ ಫ್ರಿಸ್ಕೋ ಪಟ್ಟಣದ ಕನ್ನಡ ಬಳಗದ ರಾಜ್ಯೋತ್ಸವಕ್ಕೆಂದು ವಿದ್ಯಾವತಿ ಬರೆದುಕೊಟ್ಟದ್ದು, ಹದಿನೇಳನೆಯ ಶತಮಾನದ ಯುರೋಪಿನ ಬರೋಕ್ ಎಂಬ ಶೈಲಿಯ ಹಾಸ್ಯನಾಟಕಗಳ ಜಾಡಿನ ಒಂದು ನಾಟಕ. ಧಾರವಾಡದ ಕಾಲೇಜಿನಲ್ಲಿ ಆ ರಂಗಭೂಮಿಯನ್ನು ಪಾಠ ಮಾಡಿದವಳು ಆಕೆ. ಆ ನಾಟಕಗಳ ಸೇವಕ ಹಸಿದಿರುತ್ತಾನೆ, ಎಡವುತ್ತಾನೆ, ಒದೆ ತಿನ್ನುತ್ತಾನೆ. ಆದರೆ ಯಜಮಾನನ ಮುಖಕ್ಕೆ ಸತ್ಯ ಹೇಳುವ ಎದೆಗಾರಿಕೆ ಅವನೊಬ್ಬನಿಗೇ ಇರುತ್ತದೆ. ಅದಕ್ಕೆಂದೇ, ಮಗಳನ್ನು ಮುದುಕ ಸಾಹುಕಾರನಿಗೆ ಕೊಡಹೊರಟ ಯಜಮಾನನನ್ನು ತಡೆಯುವ ಸೇವಕನ ಕೊನೆಯ ಮಾತನ್ನು, ತನ್ನ ಕರುಳಿನ ನುಡಿಯಾದ ಧಾರವಾಡದ ಕನ್ನಡದಲ್ಲಿ ಬರೆದಳು. ಆ ಮಾತು ಜನರ ಎದೆಗೆ ಮುಟ್ಟಿದರೆ ಸಾಕೆಂಬುದೊಂದೇ ಆಕೆಯ ಆಸೆ. ಆ ಸೇವಕನ ಪಾತ್ರ ಆಕೆಯ ಗಂಡ ಇರಣ್ಣನದು.

ನಿರ್ದೇಶಕ ಸುಧೀಂದ್ರ ಮೈಸೂರಿನವನು. ಓದಿದೊಡನೆ ಹಿಗ್ಗಿದ.

"ಸೂಪರ್ ಮೇಡಂ. ನಿಮ್ಮ ಕಡೆ ಭಾಷೆ ಕೇಳಿದ್ರೇನೇ ಜನ ಬಿದ್ದು ಬಿದ್ದು ನಗ್ತಾರೆ."

ವಿದ್ಯಾವತಿಗೆ ಮೈ ಉರಿಯಿತು. ಒಡೆಯನಿಗೆ ಮೈಸೂರಿನ ಕನ್ನಡ, ನಗಿಸುವ ಆಳಿಗೆ ಉತ್ತರದ ಕನ್ನಡ ಎಂಬ ಕಟ್ಟಳೆಯನ್ನು ಯಾವ ಧರ್ಮಶಾಸ್ತ್ರ ವಿಧಿಸಿತು? ಒಂದು ಸೀಮೆಯ ತಾಯ್ನುಡಿ ಇನ್ನೊಂದು ಸೀಮೆಗೆ ಕಚಗುಳಿಯಾಗುವುದು ಅನ್ಯಾಯವಲ್ಲವೆ? ಕೊನೆಯ ಮಾತಿಗೆ ಯಾವ ಚೇಷ್ಟೆಯೂ ಕೂಡದೆಂದು ಆಕೆ ಪಟ್ಟು ಹಿಡಿದಳು. ಸುಧೀಂದ್ರ ಒಪ್ಪಿದ, ಒಪ್ಪಿದಂತೆ ನಡೆದುಕೊಂಡ ಕೂಡ.

ನಾಟಕದ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ಇರಣ್ಣ ಎಡವಿದಾಗ, ಒದೆ ತಿಂದಾಗ ಜನ ನಕ್ಕರು. ಅದು ನ್ಯಾಯವೇ. ಕೊನೆಗೆ ಆತ ಯಜಮಾನನ ಮುಂದೆ ಮಂಡಿಯೂರಿ ಕೈಮುಗಿದ.

"ನಿಮ್ಮ ಉಪ್ಪು ತಿಂದೀನ್ರಿ ಧಣ್ಯಾರ, ಅದಕ್ಕ ಹೇಳಾಕತ್ತೀನಿ. ಹಡದ ಮಗಳನ್ನ ಮಾರಬ್ಯಾಡ್ರಿ."

ಸಭಾಂಗಣ ಘೊಳ್ಳೆಂದಿತು. ಇರಣ್ಣ ನಗೆ ಅಡಗಲೆಂದು ಕಾದು, ಅದನ್ನೇ ಮತ್ತೆ ಹೇಳಿದ. ಶಿಳ್ಳೆ ಬಿತ್ತು. ಆತ ಕ್ಷಣಕಾಲ ನೆಲ ನೋಡಿದ. ಆಮೇಲೆ ಎದ್ದು, ತನ್ನ ಧೋತರಕ್ಕೆ ತಾನೇ ಕಾಲು ತೊಡರಿಸಿಕೊಂಡು ಧೊಪ್ಪನೆ ಬಿದ್ದ. ಚಪ್ಪಾಳೆಗೆ ಸೂರು ಹಾರಿಹೋಗುವಂತಾಯಿತು. ಉಳಿದ ಮಾತು ಉಳಿದೇ ಹೋಯಿತು.

ಪರದೆಯ ಹಿಂದೆ ಸುಧೀಂದ್ರ ಓಡಿಬಂದು ಇರಣ್ಣನನ್ನು ಅಪ್ಪಿಕೊಂಡ. ಹ್ಯೂಸ್ಟನ್ ನಗರದ ಕನ್ನಡಿಗರು ತಮ್ಮ ಹೊರವಲಯದ ಸೈಪ್ರೆಸ್‌ನಲ್ಲಿ ಇದೇ ನಾಟಕ ಆಡಿಸಬೇಕೆಂದು ಕೇಳಿದ್ದಾರೆ, ಅಲ್ಲಿಯೂ ಆ ಬೀಳುವುದನ್ನು ಬಿಡಬಾರದು ಎಂದ. ಇರಣ್ಣ ತಲೆಯಾಡಿಸಿದ. ಸುಧೀಂದ್ರ ಅತ್ತ ಹೋದ ಮೇಲೆ ವಿದ್ಯಾವತಿ, ಯಾಕೆ ಬಿದ್ದಿರೆಂದು ಕೇಳಿದಳು.

"ನಗು ನಿಲ್ಲಂಗ ಕಾಣಲಿಲ್ಲ," ಎಂದ ಇರಣ್ಣ. "ನಮ್ಮ ಮಾತಿಗೆ ನಗೂದಕ್ಕಿಂತ, ನಾ ಬಿದ್ದದ್ದಕ್ಕ ನಗಲಿ ಅಂದೆ."

ಆಕೆ ಕೊಬ್ಬರಿ ಎಣ್ಣೆಯಲ್ಲಿ ಹತ್ತಿ ಅದ್ದಿ ಗಂಡನ ಕೆನ್ನೆಯ ಬಣ್ಣ ಒರೆಸತೊಡಗಿದಳು. ಹೊರಗೆ ಊಟದ ಸಾಲಿನಲ್ಲಿ ಯಾರೋ ರಾಗವೆಳೆಯುತ್ತಿದ್ದರು: "ಮಾರಬ್ಯಾಡ್ರಿ ಧಣ್ಯಾರ..." ಅದರ ಹಿಂದೆಯೇ ನಗೆ ಕೇಳಿಸಿತು. ಇರಣ್ಣ ಕಣ್ಣು ಮುಚ್ಚಿಕೊಂಡ, ಎಣ್ಣೆ ಕಣ್ಣಿಗೆ ಹೋಗಬಾರದೆಂಬಂತೆ.