ಭಜನೆ ಅಂತ ಬರೀಬೇಡಿ ಸಾರ್

ಐವತ್ತೊಂಬತ್ತನೇ ಇಸವಿಯ ರಾಜ್ಯೋತ್ಸವದಲ್ಲಿ ನಮ್ಮ ಹಾಡು ಆಗಲೇಬೇಕು ಅಂತ ಹತ್ತು ಜನರನ್ನು ಕರಕೊಂಡು ಅರಸೀಕೆರೆ ಸ್ಕೂಲಿಗೆ ಹೋದೆ. ಎಲ್ಲರೂ ಕೊಬ್ಬರಿ ಮಂಡಿಯಲ್ಲಿ ನನ್ನ ಜೊತೆ ತೆಂಗಿನಕಾಯಿ ಸುಲಿಯುವವರು, ಶನಿವಾರ ಭಜನೆಗೆ ಕೂರುವವರು. ಕಾರ್ಯಕ್ರಮದ ಪಟ್ಟಿ ಯೋಗನರಸಿಂಹ ಮೇಷ್ಟ್ರ ಕೈಯಲ್ಲಿತ್ತು. ನನ್ನನ್ನು ಆರನೇ ಕ್ಲಾಸಿನಿಂದ ಹೊರಗೆ ಕಳಿಸಿದವರೂ ಅವರೇ.

“ಭಜನೆಗೆ ಐದು ನಿಮಿಷ, ನಾಟಕಕ್ಕೆ ಅರ್ಧ ಗಂಟೆ. ಏನಂತ ಬರೀಲೋ ಪುಟ್ಟಸ್ವಾಮಿ?”

“ಎರಡೂ ಅಲ್ಲ ಸಾರ್. ಕ್ಯಾಂಟಾಟ ಅಂತ ಬರೀರಿ.”

“ಅದ್ಯಾವ ಊರ ತಿಂಡಿಯೋ?”

ಹಿಂದೆ ನಮ್ಮ ಗುಂಪಿನ ಕಾಂತಮ್ಮ ಕಿಸಕ್ಕಂದಳು. ನನಗೆ ಮೈ ಉರಿಯಿತು. ರೈಲ್ವೆ ಗಾರ್ಡ್ ದೇವಸಹಾಯಂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ ಹೇಳಿಕೊಟ್ಟದ್ದನ್ನೇ ಹೇಳಿದೆ.

“ಕಥೆ ಇರುತ್ತೆ, ವೇಷ ಇರಲ್ಲ. ಒಬ್ಬ ಹಾಡ್ತಾನೆ, ಗುಂಪು ಉತ್ತರ ಕೊಡುತ್ತೆ. ಹಾಡಿಗೆ ಹಾಡು ಹೆಣೆದು ಕಥೆ ಮುಗೀಬೇಕು. ಮುಂಚೆ ಚರ್ಚಲ್ಲಿ ದೇವರ ಮೇಲೆ ಕಟ್ಟೋರಂತೆ. ಈ ಕಾಲದಲ್ಲಿ ಯುದ್ಧ, ನದಿ, ಕೂಲಿಯೋರು, ಯಾವುದರ ಮೇಲಾದ್ರೂ ಕಟ್ತಾರೆ. ನಮ್ಮದು ಅಟ್ಟದ ಮೇಲೆ ವರ್ಷವಿಡೀ ಒಣಗೋ ಕಾಯಿಯ ಕಥೆ.”

“ಹಾಡಿ ತೋರಿಸು.”

“ಅಲ್ಲಾಡಿಸಿ ನೋಡಣ್ಣ, ಕಾಯಿ ಮಾತಾಡಿತಾ?” ಅಂತ ಎತ್ತಿದೆ. ನೀರು ಆರಿ ಕೊಬ್ಬರಿ ಆಗಿದ್ದರೆ ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಅನ್ನುತ್ತೆ. ಗುಂಪು “ಇನ್ನೂ ಇಲ್ಲ, ಒಳಗೆ ನೀರೈತೆ” ಅನ್ನಬೇಕು. ಹತ್ತೂ ಜನ ಕಣ್ಣು ಮುಚ್ಚಿ, ತಾಳ ತಟ್ಟಿ, ನನ್ನ ಸಾಲನ್ನೇ ವಾಪಸ್ ಹಾಡಿದರು. ಭಜನೆಯಲ್ಲಿ ಮುಂದಿನವನು ಹೇಳಿದ್ದನ್ನೇ ಹಿಂದಿನವರು ಹೇಳಿ ಹೇಳಿ ಬಾಯಿಗೆ ಕೂತುಬಿಟ್ಟ ಅಭ್ಯಾಸ.

“ಭಜನೆ,” ಅಂತ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು.

“ಬರೀಬೇಡಿ ಸಾರ್. ಐದು ನಿಮಿಷದಲ್ಲಿ ಕಾಯಿ ಒಣಗಲ್ಲ.”

ಒಬ್ಬೊಬ್ಬರ ಕೈಯಿಂದಲೂ ತಾಳ ಕಿತ್ತುಕೊಂಡೆ. ಎಲ್ಲರನ್ನೂ ಎಬ್ಬಿಸಿ, ನನಗೆ ಬೆನ್ನು ಮಾಡಿ ಮೇಷ್ಟ್ರ ಕಡೆ ತಿರುಗಿಸಿ ನಿಲ್ಲಿಸಿದೆ.

“ಮಂಡಿ ಸಾಹುಕಾರ ಆ ಕುರ್ಚಿ ಮೇಲೆ ಕೂತವ್ನೆ ಅಂದ್ಕೊಳ್ಳಿ. ಕಾಯಿ ಆಯ್ತಾ ಅಂತ ಅವನು ಕೇಳಿದ್ರೆ, ಕೇಳಿದ್ದನ್ನೇ ವಾಪಸ್ ಕೇಳ್ತೀರೇನ್ಲಾ?”

“ಕೇಳಿದ್ರೆ ನಾಳೆಯಿಂದ ಬರಬ್ಯಾಡ ಅಂತಾನೆ,” ಅಂದಳು ಕಾಂತಮ್ಮ.

ಮತ್ತೆ ಹಾಡಿದೆ. ಈ ಸಲ ಕಾಂತಮ್ಮ, ಮಂಡಿಯಲ್ಲಿ ಹೇಳುವ ಗತ್ತಿನಲ್ಲೇ, “ಇನ್ನೂ ಇಲ್ಲ” ಅಂತ ಎತ್ತಿದಳು. ಉಳಿದವರು ಸೇರಿದರು: “ಒಳಗೆ ನೀರೈತೆ.” ಮೂರು ಸಲ ಕೇಳಿದೆ. ಮೂರನೇ ಸಲ ಕಿಟಕಿ ಗಾಜು ಅದುರಿತು.

ಮೇಷ್ಟ್ರು ಪೆನ್ನು ಹಿಡಿದೇ ಕೂತಿದ್ದರು. “ಆಮೇಲೇನಾಗುತ್ತೋ?”

“ಬರ್ಕೊಳ್ಳಿ, ಹೇಳ್ತೀನಿ.”

“ಇತರೆ ಅಂತ ಹಾಕ್ತೀನಿ.”

“ಇದಕ್ಕೆ ಹೆಸರಿದೆ ಸಾರ್.”

ಅವರು ದಿಟ್ಟಿಸಿದರು. ನಾನು ಕದಲಲಿಲ್ಲ, ಹತ್ತು ಜನವೂ ಕದಲಲಿಲ್ಲ. ಕೊನೆಗೆ ನಾಟಕದ ಕೆಳಗೆ ಹೊಸ ಗೆರೆ ಎಳೆದು, ‘ಕ್ಯಾಂಟಾಟ, ಅರ್ಧ ಗಂಟೆ’ ಅಂತ ಬರೆದರು. ಅವರು ಪೆನ್ನು ಕೆಳಗಿಟ್ಟ ಮೇಲೆ ಎರಡನೇ ಹಾಡು ಎತ್ತಿದೆ.