ಹಕಾರದ ಪುಟ

ಓದಿದ್ದು ಹಕ್ಕಿ, ಬಿದ್ದದ್ದು ಅಕ್ಕಿ. ಅದೂ ನಾಲ್ಕು ಕಾಳಲ್ಲ. ಸಹನಳ ಮಡಿಲು ತುಂಬಿ, ನೆಲಕ್ಕೆ ಚೆಲ್ಲಿ, ಪುಸ್ತಕದ ಪೆಟ್ಟಿಗೆಗಳ ಸಂದಿಗೆಲ್ಲ ನುಗ್ಗುವಷ್ಟು ಸಣ್ಣಕ್ಕಿ.

ಸಹನ ಪಾಂಡವಪುರದ ಒಂದು ಗ್ರಂಥಾಲಯದಲ್ಲಿ ಸಹಾಯಕಿ. ಶ್ರೀರಂಗಪಟ್ಟಣದ ನಿವೃತ್ತ ಕನ್ನಡ ಮೇಷ್ಟ್ರು ಅನಂತರಾಮು ತಮ್ಮ ತಂದೆಯ ಪುಸ್ತಕಗಳನ್ನೆಲ್ಲ ಕೊಟ್ಟುಬಿಡುತ್ತೇನೆ ಎಂದಿದ್ದರಿಂದ, ಅವನ್ನು ಕಟ್ಟಿ ತರಲು ಆ ಬೆಳಿಗ್ಗೆ ಅವರ ಮನೆಗೆ ಬಂದಿದ್ದಳು. ಒಂದು ಪೆಟ್ಟಿಗೆಯ ತಳದಲ್ಲಿ ರಟ್ಟು ಕಿತ್ತುಹೋದ ಅಕ್ಷರಮಾಲೆ ಸಿಕ್ಕಿತು. ಪುಟಕ್ಕೊಂದು ಅಕ್ಷರ, ಕೆಳಗೆ ಚಿತ್ರಗಳು, ಚಿತ್ರಕ್ಕೊಂದು ಪದ. ಕಣ್ಣಿಗೆ ಬಿದ್ದ ಪದವನ್ನು ಸುಮ್ಮನೆ ಬಾಯಿಬಿಟ್ಟು ಓದಿದಳು, ಅಷ್ಟೇ.

"ಸಾರ್, ನಾನೇನೂ ಮಾಡ್ನಿಲ್ಲ. ಓದ್ದೆ ಅಷ್ಟೆ."

ಬೇರೆ ಯಾರಾದರೂ ಆಗಿದ್ದರೆ ಮನೆ ಬಿಟ್ಟು ಓಡುತ್ತಿದ್ದರು. ಅನಂತರಾಮು ಒಂದು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು ಕಡಿದು ನೋಡಿದರು. "ಏನಂತ ಓದಿದೆ?"

"ಅಕ್ಕಿ ಅಂತ."

ಅವರು ಕನ್ನಡಕ ಏರಿಸಿ ಪುಟ ನೋಡಿದರು. ರೆಕ್ಕೆ ಬಿಚ್ಚಿದ ಹಕ್ಕಿಯ ಚಿತ್ರ ಹಾಗೇ ಇತ್ತು. ಅದರ ಕೆಳಗಿನ ಪದ ಮಾತ್ರ ಒರೆಸಿದಂತೆ ಹೋಗಿತ್ತು. "ಇದು ಹಕಾರದ ಪುಟ ಕಣಮ್ಮ. ಇಲ್ಲಿದ್ದದ್ದು ಹಕ್ಕಿ."

"ಅದೇ ಸಾರ್, ಅಕ್ಕಿ."

ಮೇಷ್ಟ್ರಿಗೆ ಅಲ್ಲೇ ಎಲ್ಲ ಹೊಳೆಯಿತು. ಅವರ ತಂದೆ ಕೆ.ಆರ್. ಪೇಟೆ ಕಡೆಯ ಅಕ್ಕಿಹೆಬ್ಬಾಳಿನಲ್ಲಿ ಮೇಷ್ಟ್ರಾಗಿದ್ದವರು. ನನ್ನ ಹತ್ತಿರ ಒಂದು ಪುಸ್ತಕವಿದೆ, ಗಟ್ಟಿಯಾಗಿ ಓದಿದ್ದನ್ನು ತಂದುಕೊಡುತ್ತದೆ, ಆದರೆ ಒಂದು ಪದ ಒಂದೇ ಸಲ ಎಂದು ಊಟದ ಹೊತ್ತಿನಲ್ಲಿ ಹೇಳುತ್ತಿದ್ದರಂತೆ. ಅನ್ನ ಉಣ್ಣಿಸಲು ಬಿಡುವ ಬುರುಡೆ ಎಂದುಕೊಂಡೇ ಇವರು ದೊಡ್ಡವರಾಗಿದ್ದರು. "ಬರೆದದ್ದನ್ನಲ್ಲ, ಬಾಯಿ ಅಂದದ್ದನ್ನು ಕೊಡುತ್ತದೆ ಅನ್ನೋದನ್ನ ಮಾತ್ರ ಅಪ್ಪ ಹೇಳಿರಲಿಲ್ಲ," ಎಂದು ಪುಸ್ತಕ ಎಳೆದುಕೊಂಡರು.

ಮೇಷ್ಟ್ರು ಹೊಕ್ಕುಳಿನಿಂದ ಉಸಿರೆತ್ತಿ "ಹಣ್ಣು" ಎಂದು ಓದಿದರು. ಅಂಗೈಯಲ್ಲಿ ಸೀಬೆಹಣ್ಣು ಬಂದು ಕೂತಿತು, ಪುಟದಿಂದ ಪದ ಹೋಯಿತು. ಇಬ್ಬರೂ ಅರ್ಧರ್ಧ ತಿಂದರು. ಒಳ್ಳೆ ರುಚಿಯಾಗಿತ್ತು. ಮೇಷ್ಟ್ರ ವಯಸ್ಸು ಆ ಗಳಿಗೆಗೆ ಎಪ್ಪತ್ತರಿಂದ ಏಳಕ್ಕೆ ಇಳಿದಿತ್ತು. ಮುಂದಿನ ಚಿತ್ರ ಹುಲಿಯದು. ಅವರು ಬಾಯಿ ತೆರೆಯುವಷ್ಟರಲ್ಲಿ ಸಹನ ಪುಟದ ಮೇಲೆ ಕೈಯಿಟ್ಟು ಮುಚ್ಚಿದಳು.

ಹುಲಿ ತಪ್ಪಿಸಿದವಳ ತಲೆಯಲ್ಲಿ ಆಗಲೇ ಬೇರೊಂದು ಯೋಚನೆ ಹೊಕ್ಕಿತ್ತು. ಹೊಣಕೆರೆಯಲ್ಲಿ ಅವಳ ಅಜ್ಜಿ ಕುಳ್ಳಮ್ಮನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕೈಕಾಲು ಚೇತರಿಸಿಕೊಂಡಿದ್ದವು, ಮಾತು ಬಂದಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದ ಅಜ್ಜಿ ಈಗ ಸೂರು ನೋಡುತ್ತ ಮಲಗಿರುತ್ತಿದ್ದಳು. ಮನೆಯಲ್ಲಿ ಟಿವಿ ಒಂದೇ ಮಾತಾಡುತ್ತಿತ್ತು. ಆ ಅಜ್ಜಿಯ ಸೊಂಟದ ಮೇಲೇ ಬೆಳೆದ ಸಹನಳಿಗೆ ಶನಿವಾರ ಊರಿಗೆ ಹೋಗುವುದೆಂದರೆ ಎದೆ ಭಾರವಾಗುತ್ತಿತ್ತು. "ಸಾರ್, ಇದ್ರಲ್ಲಿ ಮಾತು ಅಂತ ಇದ್ಯಾ ನೋಡಿ."

ಮಕಾರದ ಪುಟ ತೆಗೆದರು. ಇಬ್ಬರು ಕೂತು ಹರಟುವ ಚಿತ್ರವಿತ್ತು, ಕೆಳಗೆ ಪದವಿರಲಿಲ್ಲ. ಅಕ್ಕಿಹೆಬ್ಬಾಳಿನಲ್ಲಿ ಐದು ವರ್ಷವಾದರೂ ಮಾತು ಬಾರದ ಒಂದು ಮಗುವಿಗೆ ಅಪ್ಪ ಏನೋ ಓದಿದ್ದರಂತೆ ಎಂದು ಅನಂತರಾಮು ನೆನಪಿಸಿಕೊಂಡರು. "ಆ ಮಗು ಈಗ ಕೆ.ಆರ್. ಪೇಟೆಯಲ್ಲಿ ವಕೀಲ. ಅವನನ್ನ ನಿಲ್ಲಿಸೋ ಪದ ಯಾವ ಪುಸ್ತಕದಲ್ಲೂ ಇಲ್ಲ."

ಸಹನಳ ಮುಖ ಬಾಡಿತು. ಸುಮ್ಮನೆ ಹಾಳೆ ತಿರುವುತ್ತ ಮತ್ತೆ ಹಕಾರಕ್ಕೇ ಬಂದಳು. ಪುಟದ ತುದಿಯಲ್ಲಿ ಬಾಯಿ ತೆರೆದ ಹೆಂಗಸಿನ ಚಿತ್ರ, ಕೆಳಗೆ ಹಾಡು ಎಂಬ ಪದ. ಮಾತು ನಿಂತ ನಾಲಿಗೆಗೆ ಕೆಲವು ಸಲ ಹಾಡು ಬರುತ್ತದೆ, ಹಾಡಿನ ಹಿಂದೆ ಮಾತೂ ಬರಬಹುದು ಎಂದು ಡಾಕ್ಟರೇ ಹೇಳಿದ್ದರು. ಅಜ್ಜಿಯಿಲ್ಲದೆ ಸೋಬಾನೆ ಹಾಡಿದ ಮದುವೆ ಹೊಣಕೆರೆಯಲ್ಲಿ ಯಾವುದಿತ್ತು?

"ನೀವೇ ಬಂದು ಓದ್ಬುಡಿ ಸಾರ್."

ಅನಂತರಾಮು ತಮ್ಮ ಮಂಡಿಯ ಕಡೆ ತೋರಿಸಿದರು. ಆಪರೇಷನ್ ಆಗಿ ಹೊಸಿಲು ದಾಟುವಂತಿರಲಿಲ್ಲ. ಫೋನಿನಲ್ಲಾದರೂ ಓದಿ ಎಂದು ಸಹನ ಜಗುಲಿಗೆ ಹೋಗಿ ನಿಂತಳು. ಅವರು ಒಳಗಿನಿಂದ ಫೋನಿಗೆ "ಹೂಜಿ" ಎಂದು ಓದಿದರು. ಹೂಜಿ ಬಂತು, ಅವರ ಕಾಲ ಬುಡದಲ್ಲೇ ಬಂತು. ಓದಿದವರ ಹತ್ತಿರವೇ ಬರುತ್ತದೆ ಎಂಬುದೂ ಗೊತ್ತಾಯಿತು. ಅಲ್ಲಿಗೆ ಸಹನಳೇ ಓದಬೇಕು, ಅದೂ ತಪ್ಪಿಲ್ಲದೆ, ಒಂದೇ ಸಲ.

"ಅಂಗೈ ಬಾಯಿಯ ಮುಂದೆ ಹಿಡಿ," ಎಂದರು ಮೇಷ್ಟ್ರು. "ಹ ಅಂದರೆ ಉಸಿರು ಅಂಗೈಗೆ ತಾಕಬೇಕು. ತಾಕಿತೋ ಹಾಡು. ತಾಕಲಿಲ್ಲವೋ, ಆಡು ಬಂದು ಮನೆಯೆಲ್ಲ ಹಿಕ್ಕೆ ಹಾಕುತ್ತೆ."

ಮಧ್ಯಾಹ್ನದವರೆಗೂ ಅಭ್ಯಾಸ ನಡೆಯಿತು. ಪದ ಖರ್ಚಾಗಬಾರದಲ್ಲ, ಅದಕ್ಕೆ ಪುಸ್ತಕ ಮುಚ್ಚಿಟ್ಟು ಹಸು, ಹೊಲ, ಹೊಳೆ, ಹಂದಿ ಎಂದು ಬೇರೆಲ್ಲ ಹೇಳಿಸಿದರು. ಸಹನಳಿಗೆ ಹಠ ಹಿಡಿಯಿತು. ಪುಸ್ತಕ ತೆಗೆದುಕೊಂಡು ಊರಿಗೆ ಹೊರಟವಳು ಪಾಂಡವಪುರದಲ್ಲಿ ಇಳಿದು ನಾಗಮಂಗಲದ ಬಸ್ಸು ಹತ್ತಿದ ಮೇಲೂ ಅಂಗೈಗೆ ಊದುತ್ತಲೇ ಇದ್ದಳು. ಪಕ್ಕದ ಹೆಂಗಸು ಕಿಟಕಿಯ ಕಡೆ ಸರಿದು ಕೂತಳು. ಅಷ್ಟು ಹೊತ್ತಿಗೆ ನಾಲಿಗೆ ಎಷ್ಟು ಪಳಗಿತ್ತೆಂದರೆ, ಬೇಕಾದ ಕಡೆ ಬೇಡದ ಕಡೆ ಎಲ್ಲ ಹ ಉದುರತೊಡಗಿತ್ತು.

"ಎಲ್ಲಿಗಮ್ಮ?" ಎಂದ ಕಂಡಕ್ಟರು.

"ಹೊಣಕೆರೆ. ಹೊಂದು."

"ಏನು?"

"ಹೊಂದು ಟಿಕೆಟ್ಟು."

"ಆಧಾರ್ ಐತಾ?"

"ಹಾಧಾರ್ ಹೈತೆ," ಎಂದು ಕಾರ್ಡು ತೋರಿಸಿದಳು. ಕಂಡಕ್ಟರು ಅವಳ ಮುಖವನ್ನೊಮ್ಮೆ, ಕಾರ್ಡನ್ನೊಮ್ಮೆ ನೋಡಿ, ಫ್ರೀ ಟಿಕೆಟ್ಟು ಹರಿದುಕೊಟ್ಟು ಬೇಗ ಮುಂದೆ ಹೋದ.

ಮನೆ ಮುಟ್ಟಿದಾಗ ಅವ್ವ ಬೆಟ್ಟಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಅದೇನೇ ಬಂದವ್ಳೆ ಪುಸ್ತಕ ತಬ್ಬಿಕೊಂಡು" ಎಂದಳು. ಸಹನ ಅಜ್ಜಿಯ ಮಂಚದ ಹತ್ತಿರ ಹೋಗಿ ಕೂತು, ಟಿವಿ ಆರಿಸಿ, ಹಕಾರದ ಪುಟ ಬಿಚ್ಚಿದಳು. ಅಂಗೈ ಬಾಯಿಯ ಮುಂದೆ ಹಿಡಿದಳು. ಎಲ್ಲ ಸರಿಯಾಗಿತ್ತು.

ಅಷ್ಟರಲ್ಲಿ ಅಜ್ಜಿ ಅವಳ ಇನ್ನೊಂದು ಕೈ ಹಿಡಿದುಕೊಂಡಳು. ಹಿಡಿದು ಒತ್ತಿದಳು. ತುಟಿ ಅಲುಗಿತು. ಏನೋ ಕೇಳಬೇಕಿತ್ತು ಅವಳಿಗೆ, ಬಹುಶಃ ಉಂಡೆಯಾ ಎಂದಷ್ಟೇ. ಅದೂ ಬಾರದೆ ಕಣ್ಣಿನ ತುದಿಯಲ್ಲಿ ನೀರು ನಿಂತಿತು. ಅದನ್ನು ನೋಡುತ್ತಿದ್ದಂತೆ ಸಹನ ಬೆಳಗಿನಿಂದ ಕೂಡಿಟ್ಟ ಉಸಿರನ್ನೆಲ್ಲ ಮರೆತಳು, ಈ ಮನೆಯಲ್ಲಿ ಕಲಿತ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು.

"ಆಡು."

ಅಂಗೈಗೆ ಏನೂ ತಾಕಲಿಲ್ಲ. ಪುಟದಿಂದ ಪದ ಹೋಯಿತು. ಮಂಚಕ್ಕೂ ಟಿವಿಗೂ ನಡುವೆ ಜೋಲುಕಿವಿಯ ಕಂದು ಆಡೊಂದು ನಿಂತುಕೊಂಡು, ನನ್ನನ್ನು ಕರೆದವರು ಯಾರು ಎಂಬಂತೆ ನೋಡಿತು.

ಸಹನ ಪುಸ್ತಕ ಕೆಳಗೆ ಹಾಕಿ ಮುಖ ಮುಚ್ಚಿಕೊಂಡು ಅತ್ತಳು. ಇದ್ದದ್ದು ಒಂದು ಪದ, ಅದನ್ನೂ ಹಾಳು ಮಾಡಿದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಆಡಿಗೆ ಅಳುವವರ ಸಂಗತಿ ಬೇಕಿರಲಿಲ್ಲ. ಅದು ನೇರ ದಿಂಬಿನ ಹತ್ತಿರ ಹೋಗಿ, ಅಜ್ಜಿಯ ಎಲೆಅಡಿಕೆ ಚೀಲಕ್ಕೆ ಮೂತಿ ತೂರಿಸಿ, ವೀಳ್ಯದೆಲೆಯ ಕಟ್ಟನ್ನೇ ಎಳೆದು ಅಗಿಯತೊಡಗಿತು.

"ಎ... ಎಲೆ."

ಸಹನ ಕೈ ತೆಗೆದಳು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು.

"ನನ್ನೆಲೆ," ಎಂದಳು ಕುಳ್ಳಮ್ಮ. ಸ್ವರ ತುಕ್ಕು ಹಿಡಿದ ಬಾಗಿಲಿನಂತೆ ಗರಗರ ಅನ್ನುತ್ತಿತ್ತು. "ಮುಂಡೇದು ನನ್ನೆಲೆಯೆಲ್ಲಾ ತಿಂತಾ ಅದೆ ಕನೇ. ಯಾರ್ದೇ ಇದು? ಕಟ್ಟಾಕಿ ಅದ. ಬೆಟ್ಟಮ್ಮ, ಅಲ್ಲೇನ್ ಮಾಡ್ತಿದ್ದೀಯೆ? ಎಲ್ಡ್ ತಿಂಗ್ಳಿಂದ ಉಪ್ಪಿಲ್ದ್ ಸಾರ್ ಉಯ್ದೂ ಉಯ್ದೂ ನನ್ ನಾಲ್ಗೆ ಸತ್ತೋಗದೆ."

ಬೆಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು. ಮಡಿಲಿನ ಅವರೆಕಾಳೆಲ್ಲ ನೆಲದ ಮೇಲಿತ್ತು. ಅತ್ತೆ ಬಯ್ದರೆ ಇಷ್ಟು ಸಂತೋಷವಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಆಡನ್ನು ಹಿತ್ತಲಿನ ಕಂಬಕ್ಕೆ ಕಟ್ಟಿ ಬಂದ ಸಹನ ಅನಂತರಾಮುವಿಗೆ ಫೋನು ಮಾಡಿದಳು.

"ಹಾಡು ಬಂತೇನಮ್ಮ?"

"ಇಲ್ಲ ಸಾರ್. ಬಾಯ್ ತಪ್ಪಿ ಆಡು ಅಂದ್ಬುಟ್ಟೆ. ಆಡೇ ಬಂತು. ಆದ್ರೆ ಅಜ್ಜಿ ಮಾತಾಡ್ತಾವ್ಳೆ ಸಾರ್, ನಿಲ್ಲುಸ್ತಾನೇ ಇಲ್ಲ. ಅದೆಂಗೆ? ಎಲೆ ತಿಂದಿದ್ ಸಿಟ್ಟಿಗಾ?"

ಆ ಕಡೆ ಮೇಷ್ಟ್ರು ನಗುವುದು ಕೇಳಿಸಿತು. "ಸಿಟ್ಟೂ ಇರಬಹುದು. ಆದರೆ ಆಡು ಅಂದರೆ ಬರೀ ಮೇಕೆ ಅಲ್ಲ ಕಣಮ್ಮ. ಮಾತು ಆಡು ಅಂತಲೂ ನಾವು ಅನ್ನೋದಿಲ್ಲವೇ? ಪುಸ್ತಕ ನಿನಗೆ ಎರಡನ್ನೂ ಕೊಟ್ಟಿದೆ."

ಸಹನ ಫೋನು ಇಟ್ಟು ಮಂಚದ ಹತ್ತಿರ ಓಡಿದಳು. ಸಂತೋಷದ ಅವಸರದಲ್ಲಿ ನಾಲಿಗೆಗೆ ಬೆಳಗಿನ ಪಾಠವೆಲ್ಲ ಒಟ್ಟಿಗೇ ನುಗ್ಗಿ ಬಂತು. "ಹಜ್ಜೀ, ಹಿನ್ನೊಂದ್ ಮಾತು ಹಾಡು ಹಜ್ಜೀ. ಹೇನಾದ್ರೂ ಹನ್ನು."

ಕುಳ್ಳಮ್ಮ ಮೊಮ್ಮಗಳನ್ನೇ ದಿಟ್ಟಿಸಿ ನೋಡಿದಳು. ಕೈ ಮೇಲೆತ್ತಿ ಅವಳ ಹಣೆ ಮುಟ್ಟಿದಳು.

"ಅದ್ಯಾಕ್ ಮಗ ಅಂಗ್ ಮಾತಾಡ್ತಿದ್ದೀಯೆ? ಉಸಾರಿಲ್ವಾ?"