ಮೊದಲು ಮಾತಾಡುವವಳು

ರಜೆಯ ದಿನ ಸೆಲೂನಿನ ಬಾಗಿಲು ಹಾಕಿ ಅಪ್ಪ ಕನ್ನಡಿಗಳಿಗೆಲ್ಲ ಟವೆಲ್ ಹೊದಿಸಿದ. ಇಸ್ಪೀಟಿನ ಎಲೆ ಕದ್ದು ನೋಡುವ ದಾರಿ ಯಾರಿಗೂ ಇರಬಾರದು. ಭುಜ ಹಿಡಿದುಕೊಂಡ ಮೇಲೆ ಅವನು ಕತ್ತರಿ ಮುಟ್ಟಿರಲಿಲ್ಲ. ಕಿಟಕಿ ಪಕ್ಕದ ಅವನ ಕುರ್ಚಿ ಖಾಲಿ ಇತ್ತು. ಬೀದಿಯಿಂದ ಬರುವ ಹೊಸ ಗಿರಾಕಿ ಮೊದಲು ಕೂರುವುದೇ ಅಲ್ಲಿ. ಅದು ಅಳಿಯನಿಗೋ, ಚಿಕ್ಕ ಮಗಳಿಗೋ? ಯಾರಿಗೆ ಕೊಟ್ಟರೂ ಇನ್ನೊಬ್ಬರ ಮುಖ ಊದಿಕೊಳ್ಳುತ್ತದೆ.

"ಪೋಕರ್ ಆಡ್ಕೊಳ್ಳಿ. ಗೆದ್ದೋರಿಗೆ ಕುರ್ಚಿ," ಎಂದುಬಿಟ್ಟ.

ಹಣದ ಬದಲು ಕೂದಲ ಕ್ಲಿಪ್ಪು; ಅಷ್ಟೂ ಯಾರ ಪಾಲಾಗುತ್ತದೋ ಅವರು ಗೆದ್ದಂತೆ. ಇಬ್ಬರಿಗೂ ಎರಡೆರಡು ಗುಟ್ಟಿನ ಎಲೆ. ಮೇಜಿನ ಮೇಲೆ ಬಿಚ್ಚುವ ಐದು ಇಬ್ಬರಿಗೂ ಸೇರಿದ್ದು. ಸರದಿಯ ಗುರುತಿಗೆ ಶೇವಿಂಗ್ ಬ್ರಷ್. ಮೇಜಿನ ಎಲೆ ಬಿಚ್ಚಿದ ಮೇಲೆ, ಬ್ರಷ್ ಯಾರ ಮುಂದಿದೆಯೋ ಅವರು ಎದುರಾಳಿಯ ನಡೆ ನೋಡಿಕೊಂಡು ಆರಾಮಾಗಿ ಮಾತಾಡಬಹುದು. ಇನ್ನೊಬ್ಬರು ಏನೂ ತಿಳಿಯದೆ ಮೊದಲೇ ಬಾಯಿಬಿಡಬೇಕು.

ಮಗಳಿಗೆ ಅದೇ ಆಗಿಬರದ ಕೆಲಸ. ಹಿಂದಿನ ಮೂಲೆಯಲ್ಲಿ, ತಲೆ ತೊಳೆಯುವ ಬೇಸಿನ್ ಪಕ್ಕ, ಗಿರಾಕಿಯ ಮುಖವನ್ನು ಕನ್ನಡಿಯಲ್ಲಿ ಓದಿಯೇ ಕತ್ತರಿ ಎತ್ತಿದವಳು ಅವಳು. "ಹೇಗೆ ಬೇಕು?" ಎಂದು ಕೇಳದೆ ಒಂದೆಳೆ ಕತ್ತರಿಸಿದವಳಲ್ಲ.

ಆಟದ ಶುರುವಿನಲ್ಲೇ ಅದಕ್ಕೆ ದಂಡ ತೆತ್ತಿದ್ದಳು. ಕೈಯಲ್ಲಿ ರಾಜನ ಜೋಡಿ. ಭಾವನೇ ಪಣ ಕಟ್ಟಲಿ, ಆಮೇಲೆ ಹಿಡಿಯೋಣ ಎಂದು "ಚೆಕ್" ಅಂದು ಪಣವಿಲ್ಲದೆ ಸರದಿ ದಾಟಿಸಿದಳು. ಅವನೂ "ಚೆಕ್" ಎಂದ. ಪುಕ್ಕಟೆ ಬಿದ್ದ ಮುಂದಿನ ಎಲೆಯಿಂದ ಅವನ ಕೈ ಅವಳದನ್ನು ಮೀರಿತು. ಅವಳ ಅರ್ಧ ಕ್ಲಿಪ್ಪು ಅತ್ತ ಹೋದವು. ಹಲ್ಲು ಕಚ್ಚಿಕೊಂಡು ಸಣ್ಣಪುಟ್ಟ ಕೈ ಗೆದ್ದು, ಈಗ ಸಮಸಮಕ್ಕೆ ಬಂದಿದ್ದಳು.

ಬ್ರಷ್ ಮತ್ತೆ ಭಾವನ ಮುಂದೆ. ಅವಳಿಗೆ ಎರಡು ರಾಣಿ ಬಿದ್ದವು. ಭಾವ ಪಣ ಏರಿಸಿದ. ಅವಳು ಅದರ ಮೇಲೂ ಏರಿಸಿದಳು.

"ಓಹೋ, ನಾದಿನಿಗೆ ಬಾಯಿ ಬಂತು!" ಭಾವ ಅಷ್ಟೇ ಕ್ಲಿಪ್ಪು ಇಟ್ಟು ಸರಿಗಟ್ಟಿದ.

ಅಪ್ಪ ಮೂರು ಎಲೆ ಬಿಚ್ಚಿದ: ಹತ್ತು, ಆರು, ಎರಡು. ಅವಳು ಪಣ ಕಟ್ಟಿದಳು. ಭಾವ ಮತ್ತೆ ಸರಿಗಟ್ಟಿದ. ನಾಲ್ಕನೆಯದು ಒಂಬತ್ತು.

ಗಂಟಲಲ್ಲಿ "ಚೆಕ್" ಬಂದು ಕೂತಿತು. ಅವನ ಹತ್ತಿರ ಏಳು, ಎಂಟು ಇದ್ದರೆ ಆರರಿಂದ ಹತ್ತರವರೆಗೆ ಸಾಲು ಕೂಡಿತು, ರಾಣಿಯರ ಕಥೆ ಮುಗಿಯಿತು. ಕಣ್ಣು ತಾನಾಗಿ ಕನ್ನಡಿಯತ್ತ ಹೊರಳಿತು. ಅಲ್ಲಿ ಟವೆಲ್.

"ಏನಮ್ಮಾ, ನಿದ್ದೆ ಬಂತಾ?"

"ಅವಸರ ಮಾಡ್ಬೇಡಿ ಭಾವ. ಮೊದಲು ಹೇಳೋಳು ನಾನು ತಾನೆ?"

ಕ್ಲಿಪ್ಪುಗಳನ್ನೆಲ್ಲ ಎರಡೂ ಕೈಯಿಂದ ನಡುವಿಗೆ ನೂಕಿದಳು. "ಎಲ್ಲಾ."

ಭಾವ ಗಡ್ಡ ಕೆರೆದುಕೊಂಡ. "ಹೆದರಿಸ್ತಿದೀಯಾ?"

"ನೋಡ್ಬೇಕಂದ್ರೆ ನೀವೂ ನೂಕಿ."

ಅವನು ನೂಕಿದ. ಎಲೆ ಮಗುಚಿದ: ಎಕ್ಕ, ಹತ್ತು. ಮೇಜಿನದು ಸೇರಿ ಹತ್ತರ ಜೋಡಿ. ಇನ್ನೊಂದು ಎಕ್ಕವೋ ಹತ್ತೋ ಬಿದ್ದರೆ ಕುರ್ಚಿ ಅವನದು. ಅವಳು ಕಣ್ಣು ಮುಚ್ಚಲಿಲ್ಲ. ತನ್ನ ಮಾತು ತಾನು ಆಡಿಯಾಗಿತ್ತು. ಉಳಿದದ್ದು ಎಲೆಗೆ ಬಿಟ್ಟದ್ದು.

ಅಪ್ಪ ಕೊನೆಯ ಎಲೆ ಬಿಚ್ಚಿದ. ನಾಲ್ಕು.

"ಥೂ, ಹಾಳಾದ್ ನಾಕು!" ಭಾವ ಎದ್ದ. ಕಿಟಕಿ ಪಕ್ಕದ ಕನ್ನಡಿಯ ಟವೆಲ್ ಎಳೆದು ಆ ಕುರ್ಚಿಯಲ್ಲಿ ಧೊಪ್ಪನೆ ಕೂತ. "ಬೋಣಿ ನನ್ನ ತಲೆಯಿಂದಲೇ ಆಗ್ಲಿ."

ಅವಳು ಅವನ ಕೊರಳಿಗೆ ಬಟ್ಟೆ ಕಟ್ಟಿದಳು. ಕೂದಲನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಚಿದಳು.

"ಹೇಗೆ ಬೇಕು ಅಂತ ಕೇಳಲ್ವಾ?"

"ಇಲ್ಲ," ಎಂದು ಕತ್ತರಿ ಎತ್ತಿಕೊಂಡಳು.